ಎಡಗೈಯ ಮನೆಗಳು

ಮಳೆ ಹಿಡಿದು ವಾರವಾಗಿತ್ತು. ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿದ್ದವು. ಸಂಗೀತದ ಟೀಚರ ಮುಂಗೋಣೆಯಲ್ಲಿ ರಿಪೇರಿಯವನು ಪಿಯಾನೊದ ಮುಂದಿನ ಹಲಗೆ ಬಿಚ್ಚಿ ಗೋಡೆಗೆ ಒರಗಿಸಿ, ಮಂಡಿಯೂರಿ ಕುಳಿತು, ಹಿತ್ತಾಳೆಯ ತೂಕದ ಬಿಲ್ಲೆಗಳನ್ನು ಒರೆಸುತ್ತಿದ್ದ. ಎಡಗಿವಿ ಕೇಳಿಸದ ಅವನಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಒಂಟಿಕಿವಿ.

"ಯಾವ್ದು ಟೀಚರೇ ಭಾರ?"

"ಎಡಗಡೆ ಮನೆಗಳು. ಗಾಣ ಎಳೆದಂಗಾಗುತ್ತೆ. ಮಳೆಗೆ ಒಳಗಿನ ಬಟ್ಟೆ ಉಬ್ಬಿರಬೇಕು."

ಬೆರಳೊತ್ತುವ ಪಟ್ಟಿಗಳನ್ನು ಇಬ್ಬರೂ ಹಾರ್ಮೋನಿಯಂನವರ ಹಾಗೆ ಮನೆ ಎಂದೇ ಕರೆಯುತ್ತಿದ್ದರು.

ಉಬ್ಬಿರಲಪ್ಪಾ ಎಂದು ಟೀಚರು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಅವಳ ಅಮ್ಮನಿಗೂ ಕಾಯಿಲೆ ಶುರುವಾದಾಗ ಮೊದಲು ಎಡಗೈಯಿಂದಲೇ ಲೋಟ ಜಾರಿತ್ತು. ಆಮೇಲೆ ರವಿಕೆಯ ಗುಂಡಿ ಹಾಕಿಕೊಳ್ಳಲಾಗಲಿಲ್ಲ. ಕೊನೆಗೆ ತುತ್ತನ್ನೂ ಮಗಳೇ ಇಡಬೇಕಾಯಿತು.

ಅವನು ಒಂದು ಮನೆಯ ತುದಿಗೆ ಬಿಲ್ಲೆ ಪೇರಿಸಿದ. ಅದು ಅರ್ಧಕ್ಕಿಳಿದು ನಿಂತಿತು. ಇನ್ನೊಂದಿಟ್ಟ. ಅಲುಗಲಿಲ್ಲ. ಮತ್ತೊಂದಿಟ್ಟ ಮೇಲೆ ನಿಧಾನಕ್ಕೆ ಕೂತಿತು.

"ಹೌದು, ಭಾರ ಇದೆ."

ಅವಳಿಗೆ ಹೋದ ಜೀವ ಬಂದಂತಾಯಿತು. "ನಾ ಹೇಳಲಿಲ್ವಾ? ಇರಿ, ಟೀ ಇಡ್ತೀನಿ."

ಹೊಸ್ತಿಲು ದಾಟಿರಲಿಲ್ಲ, ಬಿಲ್ಲೆಗಳ ಸದ್ದು ನಿಂತಿತು. ತಿರುಗಿದಳು. ಅವನು ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದ.

"ಪೆಡಲ್ ಒತ್ತಿ ಒಳಗಿನ ಬಟ್ಟೆ ಎತ್ತದೇ ತೂಗಿಬಿಟ್ಟೆ ಟೀಚರೇ. ತಂತಿಗೆ ಆನ್ಕೊಂಡಿರೋ ಬಟ್ಟೆಯ ಭಾರಾನೂ ಸೇರ್ಕೊಂಡಿದೆ. ನಿಮ್ಮಮ್ಮನ ಕೈ ಕಂಡೋನಲ್ವಾ, ಉಬ್ಬಿರಲಿ ಅಂತ ನಾನೂ ನಿಮ್ಮ ಹಾಗೇ ಬೇಡ್ಕೊಳ್ತಾ ಕೂತಿದ್ನೇನೋ, ಮರೆತೆ."

"ಇರ್ಲಿ ಬಿಡಿ. ಭಾರ ಭಾರಾನೇ ಅಲ್ವಾ."

ಅವನು ಸ್ಟೂಲಿನ ಮೇಲೆ ಕೂತು, ಪೆಡಲನ್ನು ಒತ್ತಿ ಹಿಡಿದು ಮತ್ತೆ ಪೇರಿಸಿದ. ಈ ಸಲ ಎಂದಿನ ತೂಕಕ್ಕೇ ಮನೆ ಇಳಿಯಿತು. ಬಿಲ್ಲೆ ತೆಗೆಯುತ್ತಿದ್ದಂತೆ ಎಲ್ಲೂ ಉಜ್ಜದೆ ಎದ್ದಿತು. ಪಕ್ಕದ್ದೂ ಹಾಗೇ. ಅದರ ಪಕ್ಕದ್ದೂ.

"ಬಲಗೈಯಿಂದ ಇಲ್ಲಿ ಒತ್ತಿ ನೋಡಿ."

ಇಷ್ಟು ದಿನ ಅವಳು ಮಾಡದೆ ಬಿಟ್ಟಿದ್ದು ಅದೊಂದನ್ನೇ. ಒತ್ತಿದಳು. ಹೂವಿನಷ್ಟು ಹಗುರ.

"ಈಗ ಎಡಗೈ ಆ ಕೊನೇಲಿ ಇಡಿ."

ಎಡಗೈಯನ್ನು ಬಲತುದಿಗೆ ಒಯ್ದಳು. ಭಾರವೂ ಕೈಯ ಜೊತೆಗೇ ಬಂತು.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಮಳೆಗೆ ಉಬ್ಬಿದೆ ಅಂತ ಹೇಳಿ ಹೋಗಬಹುದಿತ್ತು ನೀವು."

"ಹೋಗಬಹುದಿತ್ತು. ನೀವು ಕಟ್ಟಿದ ಶ್ರುತಿ ತಪ್ತಾ ಇದೆ, ಕಿವಿ ತೋರಿಸ್ಕೊಳ್ಳಿ ಅಂತ ಅವತ್ತು ಮುಖದ ಮೇಲೆ ಹೇಳಿದೋರು ನೀವೊಬ್ರೇ. ಮಿಕ್ಕೋರು ಬೆನ್ನ ಹಿಂದೆ ನಗ್ತಿದ್ರು. ಕೋಪಕ್ಕೆ ಒಂದು ವರ್ಷ ನಿಮ್ಮ ಮೆಟ್ಟಿಲು ತುಳೀಲಿಲ್ಲ ನಾನು. ಆದ್ರೆ ತೋರಿಸ್ಕೊಂಡಿದ್ದಕ್ಕೆ ಈ ಬಲಗಿವಿ ಉಳೀತು."

"ಸಾಲ ತೀರಿಸಿದ್ರಿ ಅನ್ನಿ."

"ಅಸಲು ತೀರ್ತು. ಬಡ್ಡಿಗೆ ನಾಳೆ ಆಸ್ಪತ್ರೆಗೆ ಜೊತೇಲಿ ಬರ್ತೀನಿ. ನನ್ನ ಬಲಗಡೆ ನಡೀಬೇಕು ಅಷ್ಟೇ, ಎಡಗಡೆಯಿಂದ ಬೈದ್ರೆ ಕೇಳ್ಸಲ್ಲ."

ಅವಳಿಗೆ ನಗಲಾಗಲಿಲ್ಲ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, ಇನ್ಯಾರದೋ ಎಂಬಂತೆ ನೋಡಿದಳು.

"ಸ್ವಲ್ಪ ತಡವಾಗಿ ಬನ್ನಿ," ಎಂದಳು. "ಗುಂಡಿ ಹಾಕ್ಕೊಳ್ಳೋಕೆ ಹೊತ್ತು ಹಿಡಿಯುತ್ತೆ."