ಬೇಡ ಎಂದವನ ಊಟ

ಆ ಮನೆಗೆ ತಟ್ಟೆ ಕಳಿಸುವುದು ಬೇಡ ಎಂದು ಸ್ಟೀಫನ್‌ಗೆ ಬಡಕೊಂಡೆ. ನನ್ನ ಗಂಡ ಕೇಳಿದರೆ ತಾನೆ! "ಕ್ರಿಸ್‌ಮಸ್ಸಿಗೆ ನೆರೆಮನೆಗೆ ಕುಸ್ವಾರ್ ತಿಂಡಿ ಕೊಡದೆ ನಾವು ಮಾತ್ರ ತಿನ್ನುವುದಾ? ಎಂತ ಮಾತು ಮಾರಾಯ್ತಿ" ಎಂದು ನೆವ್ರಿ, ಕುಲ್‌ಕುಲ್ ಎಲ್ಲ ಪೇರಿಸಿ, ಹಿಂದಿನ ಸಂಜೆ ತಾನೇ ಒಯ್ದು ಕೊಟ್ಟು ಬಂದ.

ನೆರೆಮನೆಯ ಶರೀಫಾ ಒಳ್ಳೆಯವಳೇ. ನಾವು ಅರಬ್ ದೇಶದ ಈ ಇಬ್ರಾಕ್ಕೆ ಬಂದ ಹೊಸದರಲ್ಲಿ ನನಗೆ ಅರಬ್ಬಿ ಕಲಿಸಿದವಳು. ಆದರೆ ಅವಳ ಮಗ ಮಹಮೂದ್ ಭಯೋತ್ಪಾದಕರ ಆಯುಧ ಬಚ್ಚಿಟ್ಟು ಸಿಕ್ಕಿಬಿದ್ದು, ಜೈಲು ಮುಗಿಸಿ ಬಂದಿದ್ದ. ಶಿಕ್ಷೆ ಮುಗಿದರೂ ಕೋರ್ಟು ಅವನನ್ನು ಬಿಟ್ಟಿರಲಿಲ್ಲ. ಊರು ದಾಟುವಂತಿಲ್ಲ, ಮೊಬೈಲು ಇಟ್ಟುಕೊಳ್ಳುವಂತಿಲ್ಲ, ಬೇರೆಯವರ ಮನೆಯಲ್ಲಿ ಜನರ ನಡುವೆ ಕೂರುವಂತಿಲ್ಲ. ಪೊಲೀಸರು ಹೇಳದೆ ಕೇಳದೆ ಬಂದು ನೋಡುತ್ತಾರೆ, ತಪ್ಪಿದರೆ ಮತ್ತೆ ಜೈಲು. ಇದನ್ನು ಶರೀಫಾ ಕಣ್ಣೀರು ಹಾಕಿಕೊಂಡು ಹೇಳಿದ್ದಳು. ನನಗೆ ಕನಿಕರ ಬರಲಿಲ್ಲ, ಹೆದರಿಕೆಯಾಯಿತು. ಬಟ್ಟೆ ಒಣಹಾಕಲು ಹೋದರೂ ಅವನ ಕಿಟಕಿ ಮುಚ್ಚಿದೆಯೇ ಎಂದು ನೋಡುತ್ತಿದ್ದೆ.

೨೦೦೯ರ ಕ್ರಿಸ್‌ಮಸ್ ಶುಕ್ರವಾರ ಬಿದ್ದದ್ದರಿಂದ ಎಲ್ಲರಿಗೂ ರಜೆ. ಸ್ಟೀಫನ್‌ನ ಆಫೀಸಿನವರು ಸಂಸಾರ ಸಮೇತ ಬಂದಿದ್ದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಊಟಕ್ಕೆ ಕೂತಾಗ ಗೇಟು ಸದ್ದಾಯಿತು. ಮಹಮೂದ್! ನಮ್ಮದೇ ತಟ್ಟೆ, ಅದರ ತುಂಬ ಹಲ್ವ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. "ಅಮ್ಮನಿಗೆ ಮಂಡಿನೋವು" ಎಂದು ಹೊಸ್ತಿಲಾಚೆಯಿಂದಲೇ ಚಾಚಿದ.

ನಾನು ಏಳುವಷ್ಟರಲ್ಲಿ ಫ್ರೆಡ್ಡಿ ಅವನ ಕೈ ಹಿಡಿದಾಗಿತ್ತು. ಸ್ಟೀಫನ್‌ನ ಮ್ಯಾನೇಜರ್ ಈ ಫ್ರೆಡ್ಡಿ; ಮಹಮೂದನ ಕಥೆ ಅವನಿಗೆ ಗೊತ್ತಿರಲಿಲ್ಲ.

"ಹಬ್ಬದ ದಿನ ಬಾಗಿಲಿಂದ ವಾಪಸ್ ಕಳಿಸ್ಲಿಕ್ಕುಂಟಾ? ಯಲ್ಲಾ, ಯಲ್ಲಾ, ಬಾ ಒಳಗೆ!"

"ಲಾ, ಲಾ" ಎಂದ ಮಹಮೂದ್, ಬೇಡ ಬೇಡ ಎಂದು. ನಮ್ಮ ಕಡೆ ಬೇಡ ಎನ್ನುವುದು ಬರೀ ಉಪಚಾರ, ಎಳೆದು ಕೂರಿಸಬೇಕು ಎಂದೇ ಅರ್ಥ. ಇನ್ನಿಬ್ಬರು ಭುಜ ಹಿಡಿದರು. "ಬಿಡಿ ಅವನನ್ನು" ಎಂದು ನಾನು ಕೂಗಿದ್ದು ಆ ಗಲಾಟೆಯಲ್ಲಿ ಯಾರಿಗೆ ಕೇಳಬೇಕು! ಚಪ್ಪಲಿ ಬಿಡಿಸಿ, ಕೂರಿಸಿ, ಇಡ್ಲಿಯಂಥ ಸನ್ನ, ಕೋಳಿ ಸಾರು ಬಡಿಸಿಯೇಬಿಟ್ಟರು. ಅವನು ಮತ್ತೆ ಮತ್ತೆ ಗೇಟಿನ ಕಡೆ ನೋಡುತ್ತಿದ್ದ. ನಾನು ಅವನಿಗೆ ಹೆದರಿದ್ದಕ್ಕಿಂತ ಹೆಚ್ಚು ಅವನು ನಮ್ಮ ಊಟಕ್ಕೆ ಹೆದರಿದ್ದ.

ಒಂದು ತುತ್ತು ಬಾಯಿಗೆ ಹೋಗಿರಬೇಕು. ಅವನನ್ನು ನೋಡಿಹೋಗಲು ಪಕ್ಕದ ಮನೆಗೆ ಬಂದಿದ್ದ ಪೊಲೀಸ್ ಜೀಪು ನಮ್ಮ ಗೇಟಿಗೆ ಬಂದು ನಿಂತಿತು.

"ಇವನನ್ನು ಒಳಗೆ ಕರೆದವರು ಯಾರು?" ಪೊಲೀಸಿನವ ಬಾಗಿಲಲ್ಲಿ ನಿಂತು ಅರಬ್ಬಿಯಲ್ಲಿ ಕೇಳಿದ.

ಎಲ್ಲರಿಗೂ ಒಟ್ಟಿಗೆ ವೀಸಾ ನೆನಪಾಯಿತು. ಫ್ರೆಡ್ಡಿ ತನ್ನ ತಟ್ಟೆಯ ಮೂಳೆಯನ್ನೇ ನೋಡುತ್ತಿದ್ದ.

ಮಹಮೂದ್ ಎದ್ದು ನಿಂತ. "ನಾನೇ ಬಂದು ಕೂತೆ. ಇವರಿಗೆ ಏನೂ ಗೊತ್ತಿಲ್ಲ."

ಸುತ್ತಲೂ ಬಿಟ್ಟ ನಿಟ್ಟುಸಿರು ನನ್ನ ಕಿವಿಗೇ ಬಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ಸುಳ್ಳು! ಅವನು ಬೇಡ ಎಂದ. ನಾವೇ ಎಳೆದು ಕೂರಿಸಿದೆವು" ಎಂದೆ, ಅವನ ತಾಯಿ ಕಲಿಸಿದ ಅರಬ್ಬಿಯಲ್ಲೇ.

ಸ್ಟೀಫನ್ ನನ್ನ ಮೊಣಕೈ ಒತ್ತಿದ. "ಕ್ಲೆಮೆಂಟಿನಾ, ಬೇಡ. ಕೆಲಸ ಹೋದೀತು."

"ಹೋಗ್ಲಿ!"

"ನಾವು ಎಂದರೆ ಯಾರು ಯಾರು?" ಎಂದ ಪೊಲೀಸಿನವ. ನಾನು ಸುತ್ತ ನೋಡಿದೆ. ಯಾರೂ ತಲೆ ಎತ್ತಲಿಲ್ಲ.

"ಮನೆ ನನ್ನದು. ನಾನು" ಎಂದೆ.

"ಹಾಗಿದ್ದರೆ ಠಾಣೆಗೆ ಬಂದು ಹೇಳಿ" ಎಂದು ಅವನು ಮಹಮೂದನನ್ನು ಹೊರಗೆ ಕರೆದೊಯ್ದ.

ಒಳಗೆ ಹೋಗಿ ಶಾಲು ಹೊದ್ದು ಬರುವಷ್ಟರಲ್ಲಿ ಊಟದ ಕೋಣೆ ಖಾಲಿ. ಅರ್ಧ ತಿಂದ ತಟ್ಟೆಗಳು ಹಾಗೇ ಇದ್ದವು. ಬಾಗಿಲಲ್ಲಿದ್ದ ಚಪ್ಪಲಿ ರಾಶಿಯೂ ಇಲ್ಲ. ಉಳಿದದ್ದು ನನ್ನದು, ಸ್ಟೀಫನ್‌ದು, ಮತ್ತೆ ಒಂದು ಜೊತೆ ಚರ್ಮದ ಚಪ್ಪಲಿ. ಮಹಮೂದನನ್ನು ಬರಿಗಾಲಲ್ಲೇ ಜೀಪಿಗೆ ಹತ್ತಿಸಿದ್ದರು.

ಸ್ಟೀಫನ್ ತನ್ನ ಚಪ್ಪಲಿ ಮೆಟ್ಟಿ ನನ್ನ ಜೊತೆ ಹೊರಟ. ನಾನು ಮಹಮೂದನದನ್ನು ಕೈಯಲ್ಲಿ ಎತ್ತಿಕೊಂಡು, ಗೇಟಿನಲ್ಲಿ ಕಾಯುತ್ತಿದ್ದ ಜೀಪು ಹತ್ತಿದೆ.