ಬಾಯಾರ ಮನೆಯ ಅಳು

"ನನ್ನ ಬಿಟ್ಟು ಹ್ಯಾಂಗ ಹೋದಿವಾ ಇಂದಿರಾ, ಊರ ಮಕ್ಕಳಿಗೆ ಅಕ್ಷರಾ ಕಲಿಸಿದ ಕೈ ತಣ್ಣಗಾತಲ್ಲವಾ" ಎಂದು ಕೃಷ್ಣಾಬಾಯಿ ಎದೆ ಬಡಿದುಕೊಂಡು ಹಾಡ್ಯಾಡಿ ಅತ್ತರು. ಪಡಸಾಲೆಯಲ್ಲಿ ಅವರ ನಾದಿನಿಯ ಹೆಣದ ಸುತ್ತ ಕುಳಿತ ಹೆಂಗಸರೆಲ್ಲ ದನಿ ಕೂಡಿಸಿದರು. ಕೃಷ್ಣಾಬಾಯಿ ಅತ್ತರೆ ಸವಣೂರಿನ ಆ ಓಣಿಯೇ ಅಳಬೇಕು. ಯಾರ ಮನೆಯಲ್ಲಿ ಸಾವಾದರೂ ಮೊದಲು ಅವರಿಗೇ ಹೇಳಿಕಳಿಸುತ್ತಿದ್ದರು. ಇಂದು ಅತ್ತದ್ದು ಸ್ವಂತ ದುಃಖಕ್ಕೆ. ಸಾಲಿಯ ಮಕ್ಕಳಿಗೆಲ್ಲ ‘ಬಾಯಾರು’ ಆಗಿದ್ದ ಇಂದಿರಾಬಾಯಿ ಗಂಡನ ತಂಗಿ ನಿಜ, ಆದರೆ ತಲೆಗೂದಲು ನರೆಯುವವರೆಗೂ ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಉಂಡವರು.

ದನಿ ಏರುತ್ತಿದ್ದಂತೆ ಬಾಗಿಲಲ್ಲಿ ನಿಂತಿದ್ದ ಶಹಾಬುದ್ದೀನ ಎರಡೂ ಕಿವಿ ಮುಚ್ಚಿಕೊಂಡು ಮತ್ತೆ ಬೀದಿಗೆ ಓಡಿದ. ಬೆಳಗಿನಿಂದ ಇದೇ ನಡೆದಿತ್ತು. ಎಲೆತೋಟದಲ್ಲಿ ಬಳ್ಳಿ ಕಟ್ಟುವ, ಮೀಸೆ ಬಂದ ಗಂಡಸು. ಕೂಸಿನ ಹಾಗೆ ಎದುರು ಮನೆಯ ಗೋಡೆಗೆ ಮುಖ ಹಚ್ಚಿ ನಿಂತುಬಿಟ್ಟ.

ಅವನ ತಾಯಿ ಮಾಬೂಬಿ ಒಳಗೆ ಬಂದು ಕೃಷ್ಣಾಬಾಯಿಯ ಪಕ್ಕ ಕುಳಿತಳು.

"ಬಾಯಾರ ಮಾರಿ ನೋಡೂತನಾ ನೀರ ಸೈತ ಕುಡಿಯಂಗಿಲ್ಲ ಅಂತಾನ್ರಿ. ಗದ್ಲಕ್ಕ ಒಳಗ ಬರಾಕ ಆಗವಲ್ದು."

"ಸತ್ತ ಮನ್ಯಾಗ ಗದ್ಲ ಇರೂದಽ ಮಾಬೂಬಿ."

"ನನಗೂ ಗೊತ್ತೈತ್ರಿ. ಎತ್ತಿದ ಮ್ಯಾಲ ಮತ್ತ ಯಾರನ್ನ ನೋಡ್ತಾನ್ರಿ?"

ಕೃಷ್ಣಾಬಾಯಿ ಬಾಗಿಲಾಚೆ, ಗೋಡೆಗೆ ಮುಖ ಹಚ್ಚಿ ನಿಂತವನ ಕಡೆ ನೋಡಿದರು.

\*

ಎಪ್ಪತ್ತೊಂದನೇ ಇಸವಿಯಲ್ಲಿ ಮಾಬೂಬಿ ಮಗನನ್ನು ಇಂದಿರಾಬಾಯಿಯ ಸಾಲಿಯಲ್ಲಿ ಒಂದನೇ ಇಯತ್ತೆಗೆ ಹಾಕಿದ್ದಳು. ಮಕ್ಕಳು ಮಗ್ಗಿ ಒದರತೊಡಗಿದರೆ ಹುಡುಗ ಕಿವಿ ಮುಚ್ಚಿ ಚೀರುತ್ತಿದ್ದ. ಬಾಗಿಲು ಕಿರ್ರೆಂದರೂ ಸಾಕು, ಮೂಲೆ ಸೇರುತ್ತಿದ್ದ. ಗಾಳಿ ಸೋಕಿದೆ ಎಂದರು ಕೆಲವರು, ಎರಡು ಬಿಗಿಯಿರಿ ಎಂದರು ಉಳಿದವರು. ಇಂದಿರಾಬಾಯಿ ಮನೆಯಿಂದ ವಾಟಗದಲ್ಲಿ ಎಣ್ಣೆ ಒಯ್ದು ಬಾಗಿಲಿನ ತಿರುಗಣಿಗೆ ಬಿಟ್ಟರು. ಮಗ್ಗಿಯನ್ನು ಬರೀ ತುಟಿಯಲ್ಲಿ ಹೇಳಿಸಿದರು. ಬಂದಿದೆಯೋ ಇಲ್ಲವೋ ತಿಳಿಯಲು ಒಬ್ಬೊಬ್ಬರನ್ನೇ ಹತ್ತಿರ ಕರೆದು ತಮ್ಮ ಕಿವಿಯಲ್ಲಿ ಒಪ್ಪಿಸಿಕೊಂಡರು. ಬಾಯಾರ ಕಿವಿಯಲ್ಲಿ ಪಿಸುಗುಡುವ ಖುಷಿಗೇ ದಡ್ಡರೂ ಕಲಿತರು.

ಊರಿಗೆ ಮಾತ್ರ ಇದು ಸೇರಲಿಲ್ಲ. ಮಗ್ಗಿ ಬೀದಿಗೆ ಕೇಳಿದರೆ ಸಾಲಿ ನಡೆದಿದೆ ಎಂಬುದು ಅವರ ನಂಬಿಕೆ. ಬಾಯಾರು ಮಕ್ಕಳನ್ನು ಮಲಗಿಸಿ ತಾವೂ ತೂಕಡಿಸುತ್ತಾರೆ ಎಂದು ಆಡಿಕೊಂಡರು. ಹಿರೇಕೆರೂರಿನ ಆಚೆ ಎಲ್ಲಿಗೋ ವರ್ಗ ಮಾಡಿಸುವ ಮಾತೂ ಎದ್ದಿತು.

"ನಾಕ ದಿನಾ ಒದರಿಸವಾ. ಜನರ ಬಾಯಿ ಮುಚ್ಚತದ" ಎಂದಿದ್ದರು ಕೃಷ್ಣಾಬಾಯಿ, ಭಕ್ಕರಿ ಬಡಿಯುತ್ತ.

"ಒದರಿಸಿದ್ರ ಊರೆಲ್ಲಾ ಖುಷಿ ಆಗ್ತದ ವೈನಿ. ಆ ಒಬ್ಬಾಂವ ಎದ್ದು ಓಡ್ತಾನ. ಓಡಿದಾಂವ ತಿರುಗಿ ಬರೂದಿಲ್ಲ."

ವರ್ಗವಾಗಲಿಲ್ಲ, ಜನರ ಮಾತೂ ನಿಲ್ಲಲಿಲ್ಲ. ಶಹಾಬುದ್ದೀನ ನಾಲ್ಕನೇ ಇಯತ್ತೆ ಮುಗಿಸಿಯೇ ಹೊರಬಿದ್ದ.

\*

ಅಂಗಳದಲ್ಲಿ ಚಟ್ಟ ಕಟ್ಟಿಯಾಯಿತು. ಕೃಷ್ಣಾಬಾಯಿಯ ಗಂಡ ಶ್ರೀಪಾದರಾಯರು ಒಳಗೆ ಬಂದು, "ಆತು, ಇನ್ನ ಎತ್ತೋಣು" ಎಂದರು. ಹೆಂಗಸರ ಅಳು ತಾರಕಕ್ಕೇರಬೇಕಾದ ಹೊತ್ತು. ಕೃಷ್ಣಾಬಾಯಿ ಕೈಯೆತ್ತಿ ತಡೆದರು.

"ಸ್ವಲ್ಪ ತಡೀರಿ. ಯಾರೂ ದನಿ ತಗೀಬ್ಯಾಡ್ರಿ. ಆ ಹುಡುಗ ಒಳಗ ಬರಲಿ."

ರಾಯರು ಬೆಪ್ಪಾದರು. "ಏನಂತಿ ನೀನು? ಗಂಡಿಲ್ಲ, ಮಕ್ಕಳಿಲ್ಲ, ಕಡೀಕ ಅಳವರೂ ಇದ್ದಿದ್ದಿಲ್ಲ ಅಂತಾರ ಮಂದಿ, ನನ್ನ ತಂಗಿಗೆ."

"ಅನ್ನಲಿ. ಬದುಕಿದ್ದಾಗ ಅಂದಿಲ್ಲೇನು?"

ಅಂದದ್ದೇನೋ ಅಂದರು. ಆದರೆ ಪ್ರೀತಿಯವರನ್ನು ಕಳಿಸಿಕೊಡಲು ಅವರಿಗೆ ಗೊತ್ತಿದ್ದದ್ದು ದನಿಯೆತ್ತಿ ಅಳುವುದೊಂದೇ. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡರು. ಅವರನ್ನು ನೋಡಿ ಉಳಿದ ಹೆಂಗಸರೂ ಹಾಗೇ ಮಾಡಿದರು.

ಮಾಬೂಬಿ ಮಗನನ್ನು ಕರೆತಂದಳು. ಹೊಸ್ತಿಲಲ್ಲಿ ಅವನು ತುಸು ನಿಂತು ಆಲಿಸಿದ. ಆಮೇಲೆ ಬಂದು ಬಾಯಾರ ತಲೆಯ ಹತ್ತಿರ ಕುಳಿತು, ಕಿವಿಯ ಮೇಲಿನ ಕೈಗಳನ್ನು ಒಂದೊಂದಾಗಿ ಇಳಿಸಿ, ಮುಖ ನೋಡಿದ. ನೋಡುತ್ತಲೇ ಇದ್ದ. ದನಿ ಹೊರಬೀಳದಂತೆ ಕೃಷ್ಣಾಬಾಯಿ ಸೆರಗಿನ ಉಂಡೆಯನ್ನು ಇನ್ನಷ್ಟು ಒಳಗೆ ಒತ್ತಿಕೊಂಡರು.

ಅಷ್ಟರಲ್ಲಿ ಪಕ್ಕದ ಓಣಿಯ ಕರಿಬಸಪ್ಪ ಬಾಗಿಲಿಗೆ ಬಂದ. ಒಳಗೆ ಸದ್ದೇ ಇಲ್ಲದ್ದು ಕಂಡು, "ಒಯ್ದೇಬಿಟ್ರೇನ್ರಿ ರಾಯರ?" ಎಂದ.

ಶ್ರೀಪಾದರಾಯರು ತುಟಿಯ ಮೇಲೆ ಬೆರಳಿಟ್ಟರು. ಕರಿಬಸಪ್ಪ ಒಳಗೆ ಇಣುಕಿದ. ಬಗ್ಗಿ, ಕರ್ರಕರ್ರ ಎನ್ನುವ ಚರ್ಮದ ಜೋಡನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡು, ತುದಿಗಾಲಲ್ಲಿ ಹೊಸ್ತಿಲು ದಾಟಿದ.