ಕಪ್ಪು ಶಾಲು ಸುತ್ತಿದ ಪಾತ್ರೆ

ಆ ಬೆಳಗ್ಗೆ ಒಹಾಯೊ ನದಿಯಿಂದ ಎದ್ದ ಮಂಜು ಸಿನ್ಸಿನಾಟಿಯ ಇಟಲಿಯವರ ಕೇರಿಯ ಮೇಲೆ ಒದ್ದೆ ಕಂಬಳಿಯಂತೆ ಬಿದ್ದುಕೊಂಡಿತ್ತು. ಅಗಾತಾ ಕಡಲೆಕಾಳಿನ ಸಾರಿನ ಪಾತ್ರೆಗೆ ಹಳೆಯ ಕಪ್ಪು ಶಾಲು ಸುತ್ತಿ ಗಂಟು ಬಿಗಿಯುತ್ತಿದ್ದಳು.

"ಸಿಸ್ಟರ್ ಫಿದೆಲಿಸ್ ಮಣ್ಣಿಗೆ ಬರ್ತೀಯೇನೇ?" ಬಾಗಿಲಲ್ಲಿ ನಿಂತ ನೆರೆಮನೆಯ ರೊಸಾರಿಯಾ ಕೇಳಿದಳು. "ಅವರ ಹತ್ರ ಮಾತು ಬಿಟ್ಟೋಳು ನೀನು. ಜನ ಏನಂತಾರೆ?"

"ಅನ್ಲಿ ಬಿಡಕ್ಕ."

"ಆ ಪುಣ್ಯಾತ್ಗಿತ್ತಿ ಮಾತ್ರ ಯಾರಿಗೂ ಏನೂ ಅಂದೋರಲ್ಲ. ನನ್ನ ಇಂಗ್ಲಿಷ್ ಕೇಳೀನೂ ನಗಲಿಲ್ಲ ನೋಡು." ರೊಸಾರಿಯಾ ಕಣ್ಣೊರೆಸಿಕೊಂಡಳು. "ಪಾತ್ರೆ ಅವರದೇ ಅಲ್ವಾ?"

ಅಗಾತಾ ಪಾತ್ರೆಯನ್ನೆತ್ತಿಕೊಂಡು ಹೊರಟಳು.

*

ಎಷ್ಟೋ ವರ್ಷಗಳ ಹಿಂದೆ, ಅಗಾತಾಳ ಗಂಡ ಇಟ್ಟಿಗೆ ಗೂಡು ಕುಸಿದು ಸತ್ತ ಚಳಿಗಾಲ ಅದು. ಇಟಲಿಯ ಸಿಸಿಲಿಯಿಂದ ಬಂದ ಅವಳಂಥವರ ಮನೆಯಲ್ಲಿ ಸಾವಾದರೆ ಒಲೆ ಹಚ್ಚುವಂತಿಲ್ಲ. ಹಚ್ಚಿದರೆ ಸತ್ತವರ ಆತ್ಮವನ್ನು ಮನೆಯಿಂದ ಓಡಿಸಿದಂತೆ. ನೆರೆಯವರು ತಂದದ್ದನ್ನೇ ಉಣ್ಣಬೇಕು. ಐರಿಶ್ ಮನೆತನದ ಸಿಸ್ಟರಿಗೆ ಅದು ತಿಳಿಯದು. ಹಡಗಿಳಿದು ಬಂದವರಿಗೆ ಭಾಷೆ, ಹೊಲಿಗೆ ಕಲಿಸುವ ಸಂತ ಅನ್ನಮ್ಮನ ಮನೆಯಿಂದ ಕಲ್ಲಿದ್ದಲು ಹೊತ್ತು ತಂದವರು, ನಡುಗುತ್ತಿದ್ದ ಮಕ್ಕಳನ್ನು ಕಂಡು, ತಾವೇ ಮಂಡಿಯೂರಿ ಒಲೆ ಉರಿಸಿಬಿಟ್ಟರು. ಹೆಣ ಇನ್ನೂ ಒಳಗಿತ್ತು.

"ನನ್ನ ಗಂಡನ್ನ ಮನೆಯಿಂದ ಓಡಿಸೋಕೆ ಬಂದ್ರಾ?" ಅಗಾತಾ ನೀರು ಸುರಿದು ಬೆಂಕಿ ಆರಿಸಿದಳು. "ನಡೀರಿ ಆಚೆ."

ಸಿಸ್ಟರ್ ಎದ್ದರು. ಮುಖಕ್ಕೆ ಹಾರಿದ ಬೂದಿಯನ್ನೂ ಒರೆಸಿಕೊಳ್ಳದೆ ಮೆಟ್ಟಿಲಿಳಿದರು. ಸಂಜೆ ಹೊಸ್ತಿಲಲ್ಲಿ ಒಂದು ಪಾತ್ರೆ ಬಿಸಿ ಸಾರು ಇತ್ತು. ಆರದಿರಲೆಂದು ಸಿಸ್ಟರ್ ತಮ್ಮ ಕಪ್ಪು ಶಾಲನ್ನೇ ಸುತ್ತಿಟ್ಟಿದ್ದರು.

ಮಕ್ಕಳು ಉಂಡರು. ಪಾತ್ರೆ ಕೊಡಲು ಹೋದರೆ ಮಾತಾಡಬೇಕಾಗುತ್ತದೆ. ಅಗಾತಾ ಹೋಗಲಿಲ್ಲ. ಬೀದಿಯಲ್ಲಿ ಎದುರಾದಾಗಲೆಲ್ಲ ಸಿಸ್ಟರ್ ತಲೆಬಾಗುತ್ತಿದ್ದರು, ಇವಳು ಮುಖ ತಿರುಗಿಸುತ್ತಿದ್ದಳು. ಮಕ್ಕಳು ದೊಡ್ಡವರಾದರು. ಹೇಳಬೇಕಾಗಿದ್ದ ಒಂದು ಮಾತು ಪಾತ್ರೆಯ ಜೊತೆಗೇ ಅಟ್ಟದಲ್ಲಿ ಉಳಿಯಿತು.

*

ಮಣ್ಣು ಮುಗಿಸಿ ಬಂದ ಹೆಂಗಸರು ಅನ್ನಮ್ಮನ ಮನೆಯ ಹಜಾರದಲ್ಲಿ ಜಪಮಾಲೆ ಹಿಡಿದು ಕೂತರು. ಅಗಾತಾ ನೇರ ಅಡುಗೆಮನೆಗೆ ನಡೆದಳು. ಎಳೆಯ ಸಿಸ್ಟರೊಬ್ಬಳು ಒಲೆಯ ಮುಂದೆ ಕೂತು ಬೆಂಕಿಕಡ್ಡಿ ತೆಗೆಯುತ್ತಿದ್ದಳು.

"ಬೇಡ ಸಿಸ್ಟರ್, ಹಚ್ಚಬೇಡಿ. ಸಾವಿನ ಮನೆ ಇದು."

"ಬಂದೋರಿಗೆ ಕಾಫಿ ಆದ್ರೂ..." ಎನ್ನುತ್ತಲೇ ಅವಳ ಕೈ ನಿಂತಿತು. "ಸಿಸ್ಟರ್ ಫಿದೆಲಿಸೂ ಇದನ್ನೇ ಹೇಳ್ತಿದ್ರು. ಸಾವಿನ ಮನೆಗೆ ಹೋದ್ರೆ ಮೊದ್ಲು ಕೇಳು, ಕೇಳದೆ ಒಲೆ ಮುಟ್ಟಬೇಡ ಅಂತ. ಯಾರು ಕಲಿಸಿದ್ರು ಅಂದ್ರೆ, ನನಗಿಂತ ತಿಳಿದೋರು ಅಂತಿದ್ರು, ಅಷ್ಟೇ."

ಅಗಾತಾ ಗಂಟು ಬಿಚ್ಚಿ, ತುಂಬಿದ ಪಾತ್ರೆಯನ್ನು ತಣ್ಣನೆಯ ಒಲೆಯ ಮೇಲಿಟ್ಟಳು. ಶಾಲನ್ನು ಮಡಿಸಿ ಎಳೆಯ ಸಿಸ್ಟರ್ ಕೈಗೆ ಕೊಟ್ಟಳು.

ಅದಿನ್ನೂ ಬೆಚ್ಚಗಿತ್ತು.